ಸಮಾನತಾ ಸಮಿತಿಯ ಒಳ್ಳೆಯ ಮನುಷ್ಯ

ಕೂತುಕೊಳ್ಳಿ. ಹಿಂದೆ ನಿಂತವರು ಮುಂದೆ ಬನ್ನಿ, ಇಲ್ಲಿ ಬೇಕಾದಷ್ಟು ಜಾಗ ಇದೆ. ಪ್ರವಚನ ಕೇಳಲು ಬಂದವರು ಬಾಗಿಲ ಹತ್ತಿರವೇ ಯಾಕೆ ನಿಲ್ಲುತ್ತೀರಿ? ಬೇಗ ಹೊರಡಲು ಅನುಕೂಲ ಅಂತ. ಗೊತ್ತು ನನಗೆ.

ಪ್ರತಿ ಸೋಮವಾರ ನಾನು ಕಥೆ ಶುರು ಮಾಡುವುದು ಹೇಗೆ? ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಅಷ್ಟು ಹೇಳಿದ ಕೂಡಲೇ ನೀವೆಲ್ಲ ಕಂಬಕ್ಕೆ ಒರಗಿ ಆರಾಮಾಗಿ ಕೂತುಬಿಡುತ್ತೀರಿ. ಯಾಕೆಂದರೆ ನೀವು ಶ್ರೀಮಂತರಲ್ಲ, ಬೈಸಿಕೊಳ್ಳುವವನು ಬೇರೆ ಯಾರೋ. ಹೋದ ವಾರ ಜಿಪುಣನ ಕಥೆ ಹೇಳಿದೆ. ಅದು ನನ್ನ ಕಥೆ ಅಂತ ಒಬ್ಬರಾದರೂ ಅಂದುಕೊಂಡಿರಾ? ಇಲ್ಲ. ಎಲ್ಲರೂ ಅದನ್ನು ನಿಮ್ಮ ನಿಮ್ಮ ಭಾವಂದಿರ ಕಥೆ ಅಂದುಕೊಂಡು ಮನೆಗೆ ಹೋಗಿ ಉಂಡು ಮಲಗಿದಿರಿ.

ಅದಕ್ಕೆ ಇವತ್ತು ಶ್ರೀಮಂತ ಬೇಡ. ಒಂದೂರಲ್ಲಿ ಒಬ್ಬ ಒಳ್ಳೆಯ ಮನುಷ್ಯ ಇದ್ದ.

ನೋಡಿ, ಈಗ ಸ್ವಲ್ಪ ನೆಟ್ಟಗೆ ಕೂತಿರಿ.

ಆ ಊರಲ್ಲಿ ಒಂದು ವಿಶ್ವವಿದ್ಯಾಲಯ ಇತ್ತು. ಅಲ್ಲಿ ಭೌತಶಾಸ್ತ್ರ ವಿಭಾಗ. ಅಲ್ಲಿ ಈ ಒಳ್ಳೆಯ ಮನುಷ್ಯ ಪ್ರಾಧ್ಯಾಪಕ. ಎಷ್ಟು ಒಳ್ಳೆಯವನು ಅಂದರೆ ಒಬ್ಬರಿಗೆ ಗದರಿದವನಲ್ಲ, ಒಬ್ಬರ ಮೇಲೆ ಅರ್ಜಿ ಬರೆದವನಲ್ಲ. ಯಾರ ಮನೆಯಲ್ಲಿ ಮದುವೆಯಾದರೂ ಹೋಗಿ ಅಕ್ಷತೆ ಹಾಕಿ ಬರುತ್ತಿದ್ದ. ಜಗಳ ನಡೆಯುವ ಕಡೆ ಇರುತ್ತಲೇ ಇರಲಿಲ್ಲ. ಸಭೆಯಲ್ಲಿ ಯಾರಾದರೂ ದನಿ ಏರಿಸಿದರೆ ಇವನ ಫೋನು ಬಡಿದುಕೊಳ್ಳುತ್ತಿತ್ತು, ಇವನು ಎದ್ದು ಹೊರಗೆ ಹೋಗುತ್ತಿದ್ದ. ಪ್ರತಿ ಸಲವೂ. ಅಂಥ ಒಳ್ಳೆಯ ಮನುಷ್ಯ.

ಅದೇ ವಿಭಾಗದಲ್ಲಿ ಒಬ್ಬ ಹೆಣ್ಣುಮಗಳು ಪ್ರಾಧ್ಯಾಪಕಿ. ದೃಷ್ಟಾಂತದ ಕಥೆಗಳಲ್ಲಿ ಯಾರಿಗೂ ಹೆಸರಿರುವುದಿಲ್ಲ, ನಿಮಗೆ ಗೊತ್ತು. ಆದರೆ ಇವರ ಹೆಸರು ಹೇಳುತ್ತೇನೆ, ಯಾಕೆಂದರೆ ಅಲ್ಲಿ ಯಾರೂ ಹೇಳುತ್ತಿರಲಿಲ್ಲ. ಮಾದೇವಿ. ಯಲ್ಲಾಪುರದ ಕಡೆಯ ಸಿದ್ದಿ ಜನ. ಅವರ ಹಿರಿಯರು ನಾಲ್ಕು ನೂರು ವರ್ಷದ ಹಿಂದೆ ಆಫ್ರಿಕಾದಿಂದ ಬಂದವರು, ಬಂದವರೇನು, ಅವರನ್ನು ಹಿಡಿದು ತಂದದ್ದು. ನಾಲ್ಕು ನೂರು ವರ್ಷ. ಈ ಸಭೆಯಲ್ಲಿ ನಿಮ್ಮ ಮುತ್ತಜ್ಜನ ಅಪ್ಪನ ಊರು ಯಾವುದು ಎಂದು ಹೇಳಬಲ್ಲವರು ಎಷ್ಟು ಜನ ಇದ್ದೀರಿ? ಆದರೂ ಆ ವಿಶ್ವವಿದ್ಯಾಲಯಕ್ಕೆ ಬಂದ ಪ್ರತಿ ಅತಿಥಿಯೂ ಅವರನ್ನು ಕೇಳುತ್ತಿದ್ದ: "ಎಷ್ಟ್ ಛಲೋ ಕನ್ನಡಾ ಮಾತಾಡ್ತೀರಿ ಮೇಡಂ, ಎಲ್ಲಿ ಕಲಿತ್ರಿ?"

ತಾಯಿಯ ಹತ್ತಿರ ಕಲಿತರು. ಮತ್ತೆಲ್ಲಿ ಕಲಿಯುತ್ತಾರೆ?

ಹದಿನಾಲ್ಕು ವರ್ಷ ಅಲ್ಲಿ ಪಾಠ ಮಾಡಿದರೂ ಎಲ್ಲರ ಬಾಯಲ್ಲಿ ಅವರು "ಸಿದ್ದಿ ಮೇಡಂ". ಪಕ್ಕದ ಕೋಣೆಯವರನ್ನು ಜಾತಿ ಹಿಡಿದು ಕರೆಯುತ್ತಿದ್ದರೇ? ಛೆ, ಅದು ಅಸಭ್ಯತೆ. ವಾರ್ಷಿಕೋತ್ಸವ ಬಂತೆಂದರೆ ಸಾಂಸ್ಕೃತಿಕ ಸಮಿತಿಯವರು ಇವರ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ಮೇಡಂ, ನಿಮ್ಮವರ ಆ ಡಮಾಮಿ ಕುಣಿತ ಒಂದ್ ಸ್ವಲ್ಪ ಮಾಡಿ ತೋರಿಸ್ರಿ." ಇವರು ಹೇಳುತ್ತಿದ್ದರು, "ನನಗ ಅದು ಬರೂದಿಲ್ರಿ. ನಾ ಕಲತದ್ದು ಭೌತಶಾಸ್ತ್ರ." ಅವರಿಗೆ ನಿರಾಸೆಯಾಗುತ್ತಿತ್ತು. ಭೌತಶಾಸ್ತ್ರ ಬರುತ್ತದೆ ಎಂಬುದು ಅವರಿಗೆ ದೊಡ್ಡ ಸುದ್ದಿಯಲ್ಲ.

ಆದರೆ ಫೋಟೋ ವಿಷಯ ಬೇರೆ. ಫೋಟೋದಲ್ಲಿ ಅವರೇ ಮುಂದೆ. ಪರಿಚಯ ಪುಸ್ತಕದ ಮುಖಪುಟದಲ್ಲಿ ಅವರು, ಮುಖ್ಯ ದ್ವಾರದ ಫಲಕದಲ್ಲಿ ಅವರು, ಕೆಳಗೆ ದಪ್ಪ ಅಕ್ಷರದಲ್ಲಿ "ಎಲ್ಲರನ್ನೂ ಒಳಗೊಳ್ಳುವ ಜ್ಞಾನದೇಗುಲ". ಫೋಟೋಗ್ರಾಫರ್ ಬಂದಾಗ ಮಾತ್ರ ಎಲ್ಲರೂ ಸರಿದು ಅವರಿಗೆ ಜಾಗ ಬಿಡುತ್ತಿದ್ದರು.

ಈಗ ಒಂದು ಮರದ ಪೆಟ್ಟಿಗೆಯ ಮಾತು. ಮಾದೇವಿಯವರು ದಿಲ್ಲಿಯವರೆಗೆ ಬರೆದು, ವಾದ ಮಾಡಿ, ಲೋಹದ ತೆಳು ಪದರ ಪರೀಕ್ಷಿಸುವ ಒಂದು ಯಂತ್ರ ತರಿಸಿದ್ದರು. ಅದು ಬಂದು ಎರಡು ವರ್ಷ. ಎರಡು ವರ್ಷದಿಂದ ಪೆಟ್ಟಿಗೆಯೊಳಗೇ ಕಾರಿಡಾರಿನಲ್ಲಿ ಕೂತಿತ್ತು. ಯಾಕೆ? ಇಡಲು ಕೋಣೆ ಇಲ್ಲ. ಕೋಣೆ ಕೊಡಬೇಕಾದವರು ವಿಭಾಗದ ಮುಖ್ಯಸ್ಥರು, ಅವರು "ನೋಡೂಣು" ಎನ್ನುತ್ತಿದ್ದರು. ಹಳೆಯ ಕುರ್ಚಿ ತುಂಬಿಡಲು ಅವರಿಗೆ ಎರಡು ಕೋಣೆ ಇತ್ತು, ಅದು ಬೇರೆ ವಿಚಾರ. ಮೇಡಂ ಕೈಕೆಳಗೆ ಇಬ್ಬರು ಹುಡುಗಿಯರು ಸಂಶೋಧನೆಗೆ ಸೇರಿದ್ದರು. ಆ ಯಂತ್ರ ನಡೆಯದೆ ಅವರ ಪಿಎಚ್‌ಡಿ ಮುಗಿಯುವುದಿಲ್ಲ, ಅವಧಿ ಮುಗಿಯಲು ಒಂದೂವರೆ ವರ್ಷ ಮಾತ್ರ ಬಾಕಿ. ಸಭೆ ಸಮಾರಂಭದ ದಿನ ಆ ಪೆಟ್ಟಿಗೆಯ ಮೇಲೆ ಬಟ್ಟೆ ಹಾಸಿ ಚಹಾದ ಕಪ್ಪು, ಉಪ್ಪಿಟ್ಟಿನ ತಟ್ಟೆ ಇಡುತ್ತಿದ್ದರು.

ಮೇಡಂ ತಾಳ್ಮೆಯಿಂದ ಕಾದರು. ಯಾಕೆಂದರೆ ಅಲ್ಲಿ ಒಂದು ನಿಯಮ ಇತ್ತು. ಮುಖ್ಯಸ್ಥರ ಕುರ್ಚಿ ಎರಡು ವರ್ಷಕ್ಕೊಮ್ಮೆ ಹಿರಿತನದ ಪ್ರಕಾರ ಮುಂದಿನವರಿಗೆ ಹೋಗಬೇಕು. ಅದಕ್ಕೆ ಸರದಿ ಅನ್ನುತ್ತಾರೆ. ಈ ಜೂನ್ ಒಂದಕ್ಕೆ ಸರದಿ ಮಾದೇವಿಯವರದು. ಅವರ ನಂತರ ನಮ್ಮ ಒಳ್ಳೆಯ ಮನುಷ್ಯನದು.

ಒಳ್ಳೆಯ ಮನುಷ್ಯ ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ ಆ ಕಡೆ ನೋಡಿ, ಈ ಕಡೆ ನೋಡಿ, ದನಿ ತಗ್ಗಿಸಿ ಹೇಳುತ್ತಿದ್ದ: "ನಿಮಗ ಭಾಳ ಅನ್ಯಾಯ ಆಗೇತ್ರಿ ಮೇಡಂ. ನಾ ನಿಮ್ಮ ಜೊತಿಗಿದೀನಿ." ಈ ಮಾತು ಕೇಳಿದ್ದೀರಾ? ಕೇಳಿರುತ್ತೀರಿ. ಆಡಿಯೂ ಇರುತ್ತೀರಿ.

ಮೇ ತಿಂಗಳಲ್ಲಿ ಕುಲಪತಿಗಳು ಮೇಡಂ ಅವರನ್ನು ಕರೆಸಿದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಫೋಟೋ ತೆಗೆಸಿದರು. "ನಮ್ಮ ವಿಶ್ವವಿದ್ಯಾಲಯಕ್ಕ ಸಮಾನತಾ ಸಮಿತಿ ಅಂತ ಒಂದು ಮಾಡೇವಿ. ನೀವ ಅಧ್ಯಕ್ಷರಾಗಬೇಕು. ನಿಮ್ಮನ್ನ ಬಿಟ್ರ ಬ್ಯಾರೆ ಯಾರಿದ್ದಾರ?" ದೂರು ಹಾಕಲು ಒಂದು ಡಬ್ಬಿ, ಬರೆದಿಡಲು ಒಂದು ರಿಜಿಸ್ಟರ್, ಒಬ್ಬ ಗುಮಾಸ್ತ. ಮಾದೇವಿಯವರು ಒಪ್ಪಿದರು. ಒಳ್ಳೆಯ ಕೆಲಸ ಅಂತ ನಂಬಿ ಒಪ್ಪಿದರು.

ಎಂಟನೆಯ ದಿನ ಸುತ್ತೋಲೆ ಬಂತು. ಒಬ್ಬರು ಎರಡು ಹುದ್ದೆ ಹೊಂದುವಂತಿಲ್ಲ. ಸಮಾನತಾ ಸಮಿತಿಯ ಅಧ್ಯಕ್ಷರಾದ ಕಾರಣ ಅವರಿಗೆ ವಿಭಾಗದ ಮುಖ್ಯಸ್ಥೆಯ ಹೊರೆ ಹಾಕುವುದಿಲ್ಲ. ಹಾಲಿ ಮುಖ್ಯಸ್ಥರೇ ಇನ್ನೆರಡು ವರ್ಷ ಮುಂದುವರಿಯುತ್ತಾರೆ.

ಅರ್ಥವಾಯಿತೇ? ಸಮಾನತೆ ಕೊಟ್ಟು ಸರದಿ ಕಿತ್ತುಕೊಂಡರು. ಹಾಲಿ ಮುಖ್ಯಸ್ಥರು ಹಾಸ್ಟೆಲಿನ ವಾರ್ಡನ್ನೂ ಹೌದು, ಕ್ರೀಡಾ ವಿಭಾಗದ ನಿರ್ದೇಶಕರೂ ಹೌದು, ಪ್ರಕಟಣಾ ಸಮಿತಿಯ ಸಂಚಾಲಕರೂ ಹೌದು. ಅವರಿಗೆ ಯಾವ ಹೊರೆಯೂ ಹೊರೆಯಲ್ಲ. ಬೆನ್ನು ಗಟ್ಟಿ ಇರಬೇಕು. ಇಷ್ಟು ಓದಿದ ಜನ ಇಷ್ಟು ಓದಿ ಕಲಿತದ್ದು ಇದನ್ನ. ದರೋಡೆ ಮಾಡುವವನಿಗೆ ಕನಿಷ್ಠ ಓಡುವ ಶ್ರಮವಾದರೂ ಇರುತ್ತದೆ. ಇವರು ಶಾಲು ಹೊದಿಸಿ, ಚಹಾ ಕುಡಿಸಿ, ಕಾರಿನವರೆಗೆ ಬಂದು ಕಳಿಸಿಕೊಟ್ಟರು.

ಮಾದೇವಿಯವರು ಏನು ಮಾಡಿದರು? ಅಳಲಿಲ್ಲ. ತಮ್ಮ ಕೈಯಾರೆ ಒಂದು ದೂರು ಬರೆದು, ತಮ್ಮದೇ ಸಮಿತಿಯ ಡಬ್ಬಿಗೆ ಹಾಕಿದರು. ಗುಮಾಸ್ತ ಕಂಗಾಲು. "ಮೇಡಂ, ಕೀಲಿ ನಿಮ್ಮ ಕೈಯಾಗ ಐತಿ. ಡಬ್ಬ್ಯಾಗ ಯಾಕ ಹಾಕೂದು, ಹಂಗ ಕೊಟ್ಟಬಿಡ್ರಲ್ಲ."

"ಇಲ್ಲಪ್ಪಾ. ಕೈಯಾಗ ಕೊಟ್ರ ಗೊಣಗಾಟ ಅಂತಾರ. ಡಬ್ಬ್ಯಾಗ ಬಿದ್ರ ನಂಬರ್ ಕೊಡಬೇಕಾಗ್ತದ. ನಂಬರ್ ಒಂದು ಅಂತ ಬರಿ."

ಬರೆದ. ತಮ್ಮ ದೂರಿನ ವಿಚಾರಣೆಯನ್ನು ತಾವೇ ಮಾಡುವಂತಿಲ್ಲವಲ್ಲ, ಅದಕ್ಕೆ ಆ ಒಂದು ವಿಷಯಕ್ಕೆ ಅಧ್ಯಕ್ಷರ ಕುರ್ಚಿ ಬಿಟ್ಟುಕೊಟ್ಟರು. ಆಗ ಕುರ್ಚಿ ಯಾರಿಗೆ ಬರಬೇಕು? ಸಮಿತಿಯ ಹಿರಿಯ ಸದಸ್ಯನಿಗೆ. ಆ ಸದಸ್ಯ ಯಾರು?

ಹೌದು. ಒಳ್ಳೆಯ ಮನುಷ್ಯ.

ಅವನು ಮಾಡಬೇಕಾದ್ದು ಎಷ್ಟು ಅಂತ ಕೇಳಿ. ಸತ್ಯಾಗ್ರಹ ಕೂರಬೇಕಿರಲಿಲ್ಲ. ರಾಜೀನಾಮೆ ಕೊಡಬೇಕಿರಲಿಲ್ಲ. ಕಾಗದದ ಮೇಲೆ ಒಂದು ಸಾಲು ಬರೆಯಬೇಕಿತ್ತು: ನಿಯಮದ ಪ್ರಕಾರ ಸರದಿ ಇವರದು. ಒಂದೇ ಒಂದು ಸಾಲು.

ವಿಚಾರಣೆಯ ಹಿಂದಿನ ದಿನ ಕುಲಪತಿಗಳು ಅವನನ್ನು ಕರೆಸಿದರು. ಹೆದರಿಸಲಿಲ್ಲ, ಬೈಯಲಿಲ್ಲ. ಚಹಾ ತರಿಸಿ ಕೇಳಿದರು: "ಗುರುವಾರ ನಮ್ಮ ವಿಶ್ವವಿದ್ಯಾಲಯಕ್ಕ ದರ್ಜೆ ಕೊಡೋ ಪರಿಶೀಲನಾ ತಂಡ ಬರ್ತದ. ದೂರು ಬಾಕಿ ಇಲ್ಲ ಅಂತ ಕಾಗದ ಇರಬೇಕು. ಮೇಡಂ ಅವರು ಸಮಿತಿ ಕೆಲಸ ಭಾಳ ಛಲೋ ಮಾಡಾಕತ್ಯಾರ, ಅಲ್ಲೇ ಇರಲಿ. ಅಂದಮ್ಯಾಲೆ ಎರಡು ವರ್ಷ ಆದ ಮ್ಯಾಲೆ ಆ ಕುರ್ಚಿ ಯಾರಿಗೆ ಬರ್ತದರಿ ಸರ್?"

ಒಳ್ಳೆಯ ಮನುಷ್ಯ ಚಹಾ ಕುಡಿದ. ಲೆಕ್ಕ ಅವನಿಗೂ ಬರುತ್ತಿತ್ತು.

ಬುಧವಾರ ಹನ್ನೊಂದು ಗಂಟೆಗೆ ವಿಚಾರಣೆ. ಒಳ್ಳೆಯ ಮನುಷ್ಯ ಮೊದಲೇ ಬರೆದುಕೊಂಡು ಬಂದಿದ್ದ. ವಿಭಾಗದಲ್ಲಿ ಸಂವಹನದ ಕೊರತೆ ಕಂಡುಬಂದಿದೆ. ಎಲ್ಲರೂ ಪರಸ್ಪರ ಸೌಹಾರ್ದದಿಂದ ಇರತಕ್ಕದ್ದು. ದೂರು ಇತ್ಯರ್ಥವಾಗಿದೆ. ಓದಿ ಮುಗಿಸಿ ಬೆವರು ಒರೆಸಿಕೊಂಡ.

ಮಾದೇವಿಯವರು ಕೇಳಿದರು, "ಸರ್, ಸರದಿ ಯಾರದು? ಅಷ್ಟ ಹೇಳ್ರಿ."

"ಮೇಡಂ, ಹಂಗಲ್ಲ. ನಿಮಗ ಗೊತ್ತೈತಲ್ಲ, ನಾ ನಿಮ್ಮ ಜೊತಿಗಿದೀನಿ."

"ಎಲ್ಲಿ ಸರ್? ಕಾರಿಡಾರದಾಗ?"

ಅವನ ಫೋನು ಬಡಿದುಕೊಂಡಿತು. ಅವನು ಎದ್ದು ಹೊರಗೆ ಹೋದ.

ಗುರುವಾರ ತಂಡ ಬಂತು. ದ್ವಾರದಲ್ಲಿ ಮಾದೇವಿಯವರ ಫಲಕ, ಅದಕ್ಕೊಂದು ಹೂವಿನ ಹಾರ ಬೇರೆ, ಬದುಕಿರುವವರ ಫೋಟೋಕ್ಕೆ ಹಾರ ಹಾಕಬಾರದು ಎಂಬ ಬುದ್ಧಿಯೂ ಇಲ್ಲದವರು. ಭೌತಶಾಸ್ತ್ರದ ಕಾರಿಡಾರಿನಲ್ಲಿ ಚಹಾ. ತಂಡದಲ್ಲಿದ್ದ ಒಬ್ಬ ಹಿರಿಯರು ಕಪ್ಪನ್ನು ಆ ಪೆಟ್ಟಿಗೆಯ ಮೇಲೆ ಇಟ್ಟು, ಬಟ್ಟೆ ಸರಿಸಿ, ಕುತೂಹಲದಿಂದ ಕೇಳಿದರು, "ಇದರೊಳಗೆ ಏನಿದೆ?"

ಹತ್ತಿರ ನಿಂತವನು ಒಳ್ಳೆಯ ಮನುಷ್ಯ. ನಾಲ್ಕು ಹೆಜ್ಜೆ ಆಚೆ ಮಾದೇವಿಯವರು, ಅವರ ಪಕ್ಕದಲ್ಲಿ ಆ ಇಬ್ಬರು ಹುಡುಗಿಯರು. ಮೂವರೂ ಅವನ ಮುಖ ನೋಡಿದರು. ನೋಡಿ, ದೇವರು ಅವನಿಗೆ ಎರಡನೆಯ ಅವಕಾಶ ಕೊಟ್ಟ. ನಮ್ಮ ನಿಮ್ಮಂಥವರಿಗೆ ಒಂದು ಸಿಕ್ಕರೆ ಹೆಚ್ಚು. ಇವನಿಗೆ ಮರುದಿನವೇ ಎರಡನೆಯದು.

ಅವನು ಹೇಳಿದ, "ಹಳೇ ಸಾಮಾನು ಸರ್."

ಇಷ್ಟೇ ಕಥೆ. ಇದನ್ನೆಲ್ಲ ನನಗೆ ಹೇಳಿದವನು ಅವನೇ. ಮಠಕ್ಕೆ ಬಂದು, ಹಣ್ಣುಕಾಯಿ ಇಟ್ಟು, ಕಾಲು ಮುಟ್ಟಿ ಹೇಳಿದ: "ಅಜ್ಜಾರ, ಮನಸ್ಸಿಗೆ ನೆಮ್ಮದಿ ಇಲ್ರಿ. ನಾ ಯಾರಿಗೂ ಕೆಟ್ಟದ್ದು ಮಾಡಿಲ್ಲ." ನಾನು ಹೇಳಿದೆ, "ನಿಜ. ನೀನು ಏನನ್ನೂ ಮಾಡಿಲ್ಲ. ಹಣ್ಣುಕಾಯಿ ತಗೊಂಡು ಎದ್ದು ಹೋಗು. ಒಂದು ಸಾಲು ಬರೆದು ತಾ, ಆಮೇಲೆ ನೆಮ್ಮದಿಯ ಮಾತಾಡೋಣ."

ಅವನು ಇವತ್ತು ಈ ಸಭೆಯಲ್ಲಿ ಕೂತಿದ್ದಾನೆ.

ನೋಡಿ, ನೋಡಿ. ಎಲ್ಲರೂ ಪಕ್ಕದವರ ಮುಖ ನೋಡಿದಿರಿ. ಒಬ್ಬರೂ ತಲೆ ತಗ್ಗಿಸಲಿಲ್ಲ.

ಕೆಟ್ಟವರ ಬಗ್ಗೆ ನನಗೆ ಇವತ್ತು ಮಾತಿಲ್ಲ. ಆ ಕುಲಪತಿ, ಆ ಮುಖ್ಯಸ್ಥ, ಅವರೆಲ್ಲ ತಮಗೆ ಬೇಕಾದ್ದನ್ನು ಗೊತ್ತಿದ್ದೇ ಮಾಡಿದರು, ಗೊತ್ತಿದ್ದೇ ಅನುಭವಿಸುತ್ತಾರೆ. ನನಗೆ ಹೇಸಿಗೆಯಾಗುವುದು ಈ ಒಳ್ಳೆಯವನ ಮೇಲೆ. ಅವನ ಒಳ್ಳೆಯತನಕ್ಕೆ ಅವನು ಒಂದು ದಿನವೂ ಏನನ್ನೂ ಕಳೆದುಕೊಂಡಿಲ್ಲ. ಕಷ್ಟದಲ್ಲಿದ್ದವರಿಗೆ ಪಿಸುಮಾತು ಕೊಟ್ಟ, ಅಧಿಕಾರದಲ್ಲಿದ್ದವರಿಗೆ ಸಹಿ ಕೊಟ್ಟ.

ನಾನೂ ಬೀಗುವ ಹಾಗಿಲ್ಲ. ನಮ್ಮ ಮಠದ ಕಾಲೇಜಿನ ಪರಿಚಯ ಪುಸ್ತಕ ಮೊನ್ನೆ ಬಿಡುಗಡೆ ಮಾಡಿದವನು ನಾನೇ. ಮುಖಪುಟದಲ್ಲಿ ಬುರ್ಖಾ ಹಾಕಿದ ಒಬ್ಬ ಅಧ್ಯಾಪಕಿ ನಗುತ್ತಿದ್ದಾರೆ. ಎಷ್ಟು ಚೆನ್ನಾಗಿದೆ ಎಂದು ಹೊಗಳಿ ಇಟ್ಟುಬಿಟ್ಟೆ. ಅವರ ಹೆಸರು ಕೇಳಲಿಲ್ಲ, ಅವರ ನೌಕರಿ ಕಾಯಂ ಆಗಿದೆಯೋ ಇಲ್ಲವೋ ಕೇಳಲಿಲ್ಲ. ನಾಳೆ ಬೆಳಿಗ್ಗೆ ಕಾರ್ಯದರ್ಶಿಗಳನ್ನು ಕರೆಸುತ್ತೇನೆ. ಕಾರ್ಯದರ್ಶಿಗಳು ಇಲ್ಲೇ ಮುಂದೆ ಕೂತಿದ್ದಾರೆ, ಕೇಳಿಸಿಕೊಂಡಿರಿ ಅಲ್ಲವೇ?

ಇನ್ನು ನೀವು. ಕಾಲೇಜಿನವರಿದ್ದೀರಿ, ಕಚೇರಿಯವರಿದ್ದೀರಿ, ಬ್ಯಾಂಕಿನವರಿದ್ದೀರಿ. ನಿಮ್ಮ ಜೊತೆ ಹತ್ತು ವರ್ಷ ದುಡಿದವರನ್ನು ಅವರ ಜಾತಿ ಹಿಡಿದು ಕರೆಯುವುದನ್ನು ನಾಳೆಯಿಂದ ಬಿಡಿ. ಹೆಸರು ಹಿಡಿದು ಕರೆಯಿರಿ, ಗೊತ್ತಿಲ್ಲದಿದ್ದರೆ ನಾಚಿಕೆ ಬಿಟ್ಟು ಕೇಳಿ. ಅವರು ಯಾವ ಊರಿನವರು ಎಂದು ವಿಚಾರಿಸುವ ಬದಲು ಅವರ ಸರದಿ ಯಾವಾಗ ಎಂದು ವಿಚಾರಿಸಿ. ಮುಖ್ಯವಾಗಿ, ಕಾರಿಡಾರಿನಲ್ಲಿ ಆಡಿದ ಮಾತನ್ನು ಸಭೆಯಲ್ಲಿ ಆಡಿ, ಅವರ ಎದುರಿಗೆ, ಅಧಿಕಾರಿಯ ಎದುರಿಗೆ, ನಡಾವಳಿಗೆ ಸಹಿ ಬೀಳುವ ಮೊದಲು. ಅಷ್ಟು ಧೈರ್ಯ ಇಲ್ಲವೇ? ಹಾಗಿದ್ದರೆ ಕಾರಿಡಾರಿನಲ್ಲೂ ಸುಮ್ಮನಿರಿ. ಸುಳ್ಳು ಸಮಾಧಾನ ಹೇಳಿ ಅವರ ಹೊಟ್ಟೆ ಉರಿಸಬೇಡಿ.

ಆ ಪೆಟ್ಟಿಗೆ ಇನ್ನೂ ಅಲ್ಲೇ ಇದೆ. ಹುಡುಗಿಯರಿಗೆ ಇನ್ನು ಹದಿನಾಲ್ಕು ತಿಂಗಳು ಬಾಕಿ. ನಿಮ್ಮ ಕಚೇರಿಯಲ್ಲೂ ಅಂಥದೊಂದು ಪೆಟ್ಟಿಗೆ ಇದೆ, ನೀವು ದಿನಾ ಅದರ ಮೇಲೆ ಲೋಟ ಇಡುತ್ತೀರಿ. ನಾಳೆ ಹೋಗಿ ಮೊದಲು ಆ ಲೋಟ ತೆಗೆಯಿರಿ. ಒಳಗೇನಿದೆ ಎಂದು ಯಾರಾದರೂ ಕೇಳಿದರೆ, ಅದು ಯಾರದು ಎಂದು ಹೆಸರು ಹೇಳಿ. ಜೋರಾಗಿ ಹೇಳಿ.

ಈಗ ಪ್ರಸಾದಕ್ಕೆ ಏಳಿ. ಬಾಗಿಲ ಹತ್ತಿರ ನಿಂತವರು ಕೊನೆಯಲ್ಲಿ ಬನ್ನಿ.