ಹೊಲದ ಮಧ್ಯದ ಕಂಬ

ಐವತ್ತೇಳರ ಆಯುಧಪೂಜೆಯ ಮರುದಿನ. ಗುಂಡ್ಲುಪೇಟೆಯಲ್ಲಿ ಹಂಗಳದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ಸಾಹುಕಾರ ಮರಿಮಲ್ಲಪ್ಪನನ್ನು ಅವನ ಊರಿನ ರೈತ ಕೆಂಪಯ್ಯ ಅಡ್ಡಗಟ್ಟಿದ.

“ನನ್ ಒಲದಲ್ಲಿರೋ ಲೈಟ್ ಕಂಬಕ್ಕೆ ಯಾಕ್ ಬುದ್ಧೀ ಕುಂಬಳಕಾಯಿ ಒಡುದ್ರಿ? ರಾಗಿಯೆಲ್ಲ ತುಳ್ದಾಕ್ಬುಟ್ರಿ.”

“ನನ್ ಪಂಪಿಗೆ ಕರೆಂಟ್ ತರೋ ಕಂಬ ಕಣ್ಲಾ. ಪೂಜೆ ನಾನೇ ಮಾಡ್ಬೇಕು.”

“ನನ್ನ ಒಂದ್ ಮಾತೂ ಕೇಳ್ದೆ ನೆಟ್ಬುಟ್ರಲ್ಲ?”

“ಡೆಲ್ಲಿ ಕಾನೂನು. ಕಂಬ ನೆಡಕ್ಕೆ ಯಾರನ್ನೂ ಕೇಳಂಗಿಲ್ಲ.”

“ನಮ್ ಕೇರಿಗೂ ದೀಪ ಕೊಡಿ ಅಂತ ಆ ಕಾನೂನಲ್ಲಿ ಇಲ್ವಾ?”

“ಖರ್ಚು ಗಿಟ್ಟಲ್ಲ ಅಂತ ಕರೆಂಟ್ ಆಫೀಸ್ನೋರು ಅಂದವ್ರೆ. ಗುಡಿಸ್ಲಿಗೆ ಸೀಮೆಎಣ್ಣೆ ಸಾಕು, ಓಗ್ಲಾ.”

ಬಸ್ಸು ಬಂತು. ಮರಿಮಲ್ಲಪ್ಪ ಹತ್ತಿ ಕೂತ. ಕೆಂಪಯ್ಯ ಕಿಟಕಿಯ ಬಳಿ ಹೋಗಿ ಕೂಗಿದ:

“ಇವತ್ತಿಂದ ನನ್ ಎಮ್ಮೆ ಆ ಕಂಬಕ್ಕೇ ಕಟ್ತೀನಿ. ಬರೋ ವರ್ಸ ಸಗಣಿ ತುಳ್ಕಂಡ್ ಬನ್ನಿ ಪೂಜೆಗೆ!”