ದಾಕ್ಷಾಯಣಿಯ ಕೈ, ಶಿವಯೋಗಿಯ ತಲೆ

ಸಮಸ್ತ ನಾಗರಿಕರಿಗೆ ತಿಳಿಸುವುದೇನೆಂದರೆ, ಗಾಲ್ಫ್ ಚೆಂಡು ಹೊಡೆಯುವಾಗ ಕುಷಾಯಿಗೂಡದ ಶಿವಯೋಗಿಯವರ ತಲೆ ಇನ್ನು ಮುಂದೆ ಅಲ್ಲಾಡುವುದಿಲ್ಲ. ಕೊರಿಯರ್ ಅಂಗಡಿಯ ಸಾಲಿನಲ್ಲಿ, ನನ್ನ ಮುಂದೆ ಉದ್ದನೆಯ ಡಬ್ಬಿ ಹಿಡಿದು ನಿಂತಿದ್ದ ಅವರ ಹೆಂಡತಿ ದಾಕ್ಷಾಯಣಿ ತನ್ನ ತಂಗಿ ಚಿತ್ರಾಳಿಗೆ ಹೇಳಿದ ಸುದ್ದಿ ಇದು.

“ತಲಿ ಅಲ್ಲಾಡಿದರ ತಾಗೋ ಕೋಲು ಐತಿ ಇದರಾಗ. ಮೊದಲ ಎರಡು ತಿಂಗಳು ದಿನಾ ಮುಂಜಾನೆ ಮಾಳಿಗಿ ಮ್ಯಾಲೆ ಅವರ ತಲಿ ನಾನೇ ಹಿಡಕೊಂಡು ನಿಂದರತಿದ್ದೆ. ಕೋಚ್ ಹೇಳಿದ್ದರು.”

“ಇಪ್ಪತ್ತು ವರ್ಷ ಅವರು ನಿನ್ನ ತಲಿ ತಿಂದರು, ನೀ ಎರಡು ತಿಂಗಳು ಅವರ ತಲಿ ಹಿಡದಿ. ಈಗ ಕೋಲು ಬಂದೈತಿ, ಆರಾಮ ಇರು ಅಕ್ಕಾ.”

“ಆರಾಮ ಯಾರು ಕೇಳಿದ್ದರು? ಮಾತಿಲ್ಲ ಕತಿಯಿಲ್ಲದ ಮನುಷ್ಯಾ, ‘ಇನ್ನೊಂದು ಸ್ವಲ್ಪ ನಿಂದ್ರು’ ಅಂತಿದ್ದರು. ಹಿಂದಿನ ಕೂದಲ ಎಲ್ಲಾ ಬೆಳ್ಳಗಾಗ್ಯಾವ ಅಂತ ಆಗ ನೋಡೀನಿ.”

“ಕೋಲು ಬಂದ ಮ್ಯಾಲೆ?”

“‘ನೀ ಇನ್ನ ಮಲಕೋ’ ಅಂದರು.”



“ಅದಕ್ಕ ಅವರಿಗೆ ಹೇಳದ ವಾಪಸ್ ಕಳಸಾಕ ಬಂದೀಯೇನು?”

“ಕಂಪನಿಯವರೇ ಒಯ್ದರು ಅಂತೀನಿ. ನಾಳಿಯಿಂದ ಮತ್ತ ನಾನೇ.”

ಆರ್ಡರ್ ಮಾಡಿದವರ ಫೋನಿಗೆ ಓಟಿಪಿ ಹೋಗಿದೆ, ಅದನ್ನು ಹೇಳಿದರೆ ಮಾತ್ರ ವಾಪಸ್ ತಗೊಳ್ಳುತ್ತೇವೆ ಎಂದು ಕೌಂಟರಿನವನು ತೆಲುಗಿನಲ್ಲಿ ಹೇಳಿದ. ಅಷ್ಟರಲ್ಲಿ ದಾಕ್ಷಾಯಣಿಯ ಫೋನು ರಿಂಗಾಯಿತು.

“ಓಟಿಪಿ ಬಂತಾ? ಏನಿಲ್ಲರಿ, ಯಾರೋ ತಪ್ಪಿ ಒತ್ತಿರಬೇಕು. ಬರಾಕತ್ತೀನಿ.”

ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಅಕ್ಕ, ತಂಗಿ ಮೆಟ್ಟಿಲಿಳಿದು ಹೋದರು.