ಬದುಕಿದ್ದವಳ ಹೆಸರಿಗೆ ಬಿಟ್ಟ ನೀರು

ಯಾವ ಊರು ಅಂತ ಕೇಳಬೇಡಿ. ನಿಮ್ಮೂರೇ ಅಂದುಕೊಂಡರೂ ತಪ್ಪಿಲ್ಲ. ಅಲ್ಲೊಬ್ಬ ಸಾಹುಕಾರ ಇದ್ದ. ಹುಣ್ಣಿಮೆಯ ಪೂಜೆ ತಪ್ಪಿಸಿದವನಲ್ಲ. ಬಿಳಿ ಬಟ್ಟೆ ಉಟ್ಟು ಬುದ್ಧವಿಹಾರದ ಮುಂದಿನ ಸಾಲಿನಲ್ಲೇ ಕೂರುತ್ತಿದ್ದ. ಪಂಚಶೀಲ ಹೇಳುವಾಗ ಎಲ್ಲರಿಗಿಂತ ಅವನ ದನಿಯೇ ದೊಡ್ಡದು.

ಅವನ ಮನೆಗೆ ಒಬ್ಬ ಹೆಂಗಸು ಹಾಲು ಹಾಕುತ್ತಿದ್ದಳು. ಇದ್ದದ್ದು ಒಂದೇ ಎಮ್ಮೆ, ಅದೇ ಅವಳ ಬದುಕು. ಒಂದು ದಿನ ಸಾಹುಕಾರನ ಮನೆಗೆ ಬೀಗರು ಬಂದರು. ಚಹಾ ನೀರುನೀರಾಗಿತ್ತು. ಬೀಗರು ಮುಖ ಸಿಂಡರಿಸಿದರು. ಮರುದಿನ ಬೆಳಿಗ್ಗೆ ಓಣಿಯೆಲ್ಲ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿದ್ದಾಗ, ಇವನು ಹಾಲಿನವಳನ್ನು ತಡೆದು ಕೂಗಿದ: "ಏನಬೇ, ಹಾಲಿಗೆ ನೀರು ಹಾಕ್ತಿಯೋ, ನೀರಿಗೇ ಹಾಲು ಹಾಕ್ತಿಯೋ?"

ಜನ ನಕ್ಕರು. ನೋಡಿ, ನಕ್ಕು ಸುಮ್ಮನಾಗಲಿಲ್ಲ, ಅವಳ ಹಾಲು ಕೊಳ್ಳುವುದನ್ನೂ ನಿಲ್ಲಿಸಿದರು. ಕರೆದ ಹಾಲು ಸಂಜೆಗೆ ಒಡೆಯುತ್ತಿತ್ತು. ಎಮ್ಮೆಗೆ ಹಿಂಡಿ ತರಲು ದಾರಿಯಿಲ್ಲದಾಯಿತು. ಎಮ್ಮೆಯನ್ನೇ ಮಾರುವ ಮಾತು ಎದ್ದಿತು.

ಆಮೇಲೊಂದು ದಿನ ಸಾಹುಕಾರನ ಹೆಂಡತಿ ಒಗ್ಗರಣೆ ಹಾಕುತ್ತಾ ಅಂದಳು: "ಅವತ್ತ ಬೀಗರು ಒಮ್ಮೆಲೇ ಬಂದ್ರಲ್ರೀ, ಹಾಲು ಸಾಲ್ಲಿಲ್ಲ. ನಾನೇ ತಂಬಿಗಿ ನೀರು ಸುರುವಿದ್ದೆ."

"ಮೊದಲ್ಯಾಕ ಹೇಳಲಿಲ್ಲ?"

"ನೀವು ಕೇಳಿದ್ರೇನು?"

ಸಾಹುಕಾರ ಊಟ ಬಿಟ್ಟು ಎದ್ದ. ಪಶ್ಚಾತ್ತಾಪ ನಿಜದ್ದೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲಿಗೆ ಹೋದ? ಹಾಲಿನವಳ ಮನೆಗೆ ಹೋದನೇ? ನಲ್ಲಿಯ ಹತ್ತಿರ ಹೋದನೇ? ಇಲ್ಲ. ವಿಹಾರಕ್ಕೆ ಹೋದ. ದೀಪ ಹಚ್ಚಿದ, ಹೂವಿಟ್ಟ, ಬುದ್ಧನ ಮೂರ್ತಿಯ ಮುಂದೆ ಪಿಸುಗುಟ್ಟಿ ತಪ್ಪೊಪ್ಪಿಕೊಂಡ. ನಾವು ತೀರಿಹೋದವರಿಗೆ ಪುಣ್ಯ ಹಂಚುವಾಗ ಬಟ್ಟಲಿಗೆ ನೀರು ಬಿಡುತ್ತೇವಲ್ಲ, ಹಾಗೆ ಅವಳ ಹೆಸರು ಹೇಳಿ ನೀರು ಬಿಟ್ಟ. ಬಟ್ಟಲು ತುಂಬಿತು. ಅವನ ಎದೆ ಹಗುರಾಯಿತು.

ಮುದುಕ ಭಿಕ್ಷುವೊಬ್ಬರು ನೋಡುತ್ತಿದ್ದರು. "ಪಾಪ, ಆಕಿ ಯಾವಾಗ ತೀರಿಕೊಂಡ್ಳಪ್ಪಾ?"

"ತೀರಿಲ್ರೀ ಭಂತೇ. ನಮ್ಮ ಓಣ್ಯಾಗ ಅದಾಳ" ಎಂದು ಸಾಹುಕಾರ ನಡೆದದ್ದೆಲ್ಲ ಹೇಳಿದ.

"ಇದ್ದಾಕಿಗೆ ನೀರ್ಯಾಕ ಬಿಟ್ಟಿ? ಅವತ್ತ ಆ ಮಾತು ಪಿಸುಗುಟ್ಟಿದ್ದೇನು?"

"ಇಲ್ರೀ. ಕೂಗಿದ್ದೆ."

"ಹಂಗಾದ್ರ ಅಲ್ಲೇ ಹೋಗಿ ಕೂಗು. ಬುದ್ಧ ನಿನ್ನ ಮನಿಗೆ ಹಾಲು ಹಾಕ್ತಿದ್ನೇನು?"

ಮರುದಿನ ನಲ್ಲಿ ಬಿಡುವ ಹೊತ್ತಿಗೆ ಸಾಹುಕಾರ ಹೋಗಿ ನಿಂತ. ಹಾಲಿನವಳೂ ಕ್ಯಾನು ಹೊತ್ತು ಅತ್ತಲೇ ಬಂದಳು. ಪಂಚಶೀಲದ ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ! ಕಷ್ಟಪಟ್ಟು ಅಂದ: "ನೀರು ಕೂಡಿದ್ದು ನಮ್ಮ ಮನ್ಯಾಗ. ಈಕಿ ಹಾಕಿಲ್ಲ. ವಿಚಾರ ಮಾಡಲಾರದ ಈಕಿ ಮಾನ ಕಳದೆ."

ಹಾಲಿನವಳು ಕ್ಯಾನು ಇಳಿಸಿದಳು. "ಹಾಲಿನ್ಯಾಗ ನೀರು ಅಂದ್ರಿ. ನಿನ್ನೆ ವಿಹಾರದಾಗ ನನಗೇ ನೀರು ಬಿಟ್ರಂತ, ಓಣಿ ತುಂಬ ಸುದ್ದಿ ಆಗೇದ ಸಾಹುಕಾರ್ರ, ನಾ ಸತ್ತೀನೇನ್ರೀ?"

ಜನ ಮತ್ತೆ ನಕ್ಕರು. ಅವಳು ಅವರತ್ತ ತಿರುಗಿದಳು: "ನಗೋದು ಸಾಕು, ಹೋಗಿ ಹಾಲಿಗೆ ಚರಿಗಿ ತರ್ರಿ." ಆಮೇಲೆ ಸಾಹುಕಾರನಿಗೆ ಹೇಳಿದಳು: "ಅವತ್ತ ಕೇಳಿದವರೆಲ್ಲ ಇವತ್ತ ಇಲ್ಲಿಲ್ಲ. ನಾಳೆನೂ ಬಂದು ನಿಲ್ರಿ."

ನಿಂತ. ಓಣಿಯ ಕೊನೆಯ ಮನೆಯೂ ಅವಳ ಹಾಲು ತೆಗೆದುಕೊಳ್ಳುವ ತನಕ ನಿಂತ.

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮ್ಮಲ್ಲಿ ಎಷ್ಟು ಜನ ಈ ವಿಹಾರಕ್ಕೆ ಹೂವು ತಂದಿದ್ದೀರಿ? ಎಷ್ಟು ಜನ ನೀವು ನೋಯಿಸಿದವರ ಒಂದು ಹೆಸರನ್ನು ಮನಸ್ಸಿನಲ್ಲೇ ಮುಚ್ಚಿ ತಂದಿದ್ದೀರಿ? ತಪ್ಪನ್ನು ತಿಳಿಯಬೇಕು, ಸರಿಪಡಿಸಬೇಕು, ಮತ್ತೆ ಮಾಡಬಾರದು. ನೀವು ಮೊದಲನೆಯದನ್ನು ಮುಗಿಸಿ ಊಟಕ್ಕೆ ಏಳುತ್ತೀರಿ. ಮೂರ್ತಿಯ ಮುಂದೆ ಅಳುವುದು ಸುಲಭ, ಅದು ತಿರುಗಿ ಏನೂ ಕೇಳುವುದಿಲ್ಲ. ಸಂತೆಯಲ್ಲಿ ಬೈದವರು ಸಂತೆಯಲ್ಲೇ ಕ್ಷಮೆ ಕೇಳಿ. ಸೊಸೆಯನ್ನು ನೆಂಟರ ಮುಂದೆ ಹಳಿದವರು ನೆಂಟರನ್ನು ಕೂರಿಸಿಕೊಂಡೇ ಕೇಳಿ. ಪಕ್ಕದಲ್ಲಿ ನಿಂತು ನಕ್ಕವರೂ ಕೇಳಿ. ನಿಮ್ಮನ್ನು ನಾನು ಬಿಟ್ಟಿಲ್ಲ.

ಹೂವು ಇಲ್ಲೇ ಇರಲಿ. ಬಾಗಿಲು ತೆರೆದಿದೆ. ಹೋಗಿ ಬನ್ನಿ, ಆಮೇಲೆ ದೀಪ ಹಚ್ಚೋಣ.